ಬಿಟ್ಟಿ ದುಡಿಮೆಗೆ ಕೊನೆ ಹಾಡಿದ 'ಅರೆ ಡಾಕ್ಟರ್': ಐವರಿ ಕೋಸ್ಟಿನ ಉಫ್ವೆ-ಬ್ವಾನಿ ಬಗ್ಗೆ ಯಾರಿಗಾದರೂ ಗೊತ್ತಾ?

ಕಾಫಿಕಣ

ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ. ತೋಟದ ಕಡೆ ತಲೆ ಹಾಕಲೂ ಆಗಿಲ್ಲ. ರೊಬಸ್ಟಾ ರೇಟು ನೋಡೋಣ ಎಂದು ಫೋನ್ ಹಿಡಿದವನು ಎಲ್ಲಿಂದ ಎಲ್ಲಿಗೋ ಹೋಗಿ, ಆಫ್ರಿಕಾದ ಒಬ್ಬ ಡಾಕ್ಟರ್ ಕಥೆಯಲ್ಲಿ ಸಿಕ್ಕಿಬಿದ್ದೆ.

ಅಪ್ಪನ ಕಾಲದಲ್ಲಿ ಕಾಫಿ ರೇಟಿನ ಮಾತು ಬಂದರೆ ಬ್ರೆಜಿಲ್ ಹೆಸರಿನ ಹಿಂದೆಯೇ ಐವರಿ ಕೋಸ್ಟ್ ಹೆಸರೂ ಬರುತ್ತಿತ್ತು. ಪಶ್ಚಿಮ ಆಫ್ರಿಕದ ಈ ದೇಶ 1960ರವರೆಗೆ ಫ್ರೆಂಚರ ವಸಾಹತು. 1970ರ ದಶಕದಲ್ಲಿ ಅದು ಪ್ರಪಂಚದಲ್ಲೇ ಮೂರನೇ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ. ಬೆಳೆದದ್ದೆಲ್ಲ ಹೆಚ್ಚುಕಡಿಮೆ ರೊಬಸ್ಟಾ. ಆ ದೇಶದ ಮೊದಲ ಅಧ್ಯಕ್ಷ ಫೆಲಿಕ್ಸ್ ಉಫ್ವೆ-ಬ್ವಾನಿ ಎನ್ನುವುದು ಕ್ವಿಜ್ ಪುಸ್ತಕದಿಂದ ಗೊತ್ತಿತ್ತು. ಅವರು 15 ವರ್ಷ ಸರ್ಕಾರಿ ಡಾಕ್ಟರ್ ಆಗಿದ್ದರು, ಆಮೇಲೆ ಪ್ಯಾರಿಸ್ಸಿನ ಪಾರ್ಲಿಮೆಂಟಿಗೆ ಹೋಗಿ ಇಡೀ ಫ್ರೆಂಚ್ ಆಫ್ರಿಕಾದಲ್ಲಿ ಬಿಟ್ಟಿ ದುಡಿಮೆ ನಿಲ್ಲಿಸುವ ಕಾನೂನು ಮಾಡಿಸಿದರು ಎನ್ನುವುದು ಮಾತ್ರ ಗೊತ್ತೇ ಇರಲಿಲ್ಲ.

ಓದಿದ್ದನ್ನು ಚುಟುಕಾಗಿ ಹೇಳುತ್ತೇನೆ. ಹುಟ್ಟಿದ್ದು 1905ರಲ್ಲಿ, ಯಾಮುಸುಕ್ರೊದಲ್ಲಿ. ಬಾವುಲೆ ಎಂಬ ಜನಾಂಗ, ಊರಿನ ಮುಖ್ಯಸ್ಥರ ಮನೆತನ. ಸೆನೆಗಲ್ಲಿನ ಡಾಕರ್‌ನಲ್ಲಿ ವೈದ್ಯಶಾಲೆ ಸೇರಿ, 1925ರಲ್ಲಿ ತರಗತಿಗೇ ಮೊದಲಿಗನಾಗಿ ಪಾಸಾದರು. ಅಬಿಜಾನ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಆಫ್ರಿಕನ್ ವೈದ್ಯ ಸಿಬ್ಬಂದಿಯದ್ದೊಂದು ಸಂಘ ಕಟ್ಟಿದರು. ಮೇಲಿನವರಿಗೆ ಅದು ಸರಿಬರಲಿಲ್ಲ. 1927ರಲ್ಲಿ ಪಶ್ಚಿಮದ ಗಿಗ್ಲೊ ಎಂಬ ಕಾಡಿನೂರಿಗೆ ಎತ್ತಂಗಡಿಯಾಯಿತು. ಎರಡು ವರ್ಷದ ಮೇಲೆ ಅಬೆಂಗುರು. ಅದು ಕೊಕ್ಕೊ ಸೀಮೆ. ಆಸ್ಪತ್ರೆಗೆ ಬರುವ ರೈತರ ಮೈ ನೋಡುತ್ತಾ, ಜೊತೆಗೆ ಅವರ ಬೆಳೆಗೆ ಸಿಗುವ ರೇಟೂ ನೋಡುತ್ತಾ ಅವರಿಗೆ ಸಿಟ್ಟು ಬಂತು. 1932ರಲ್ಲಿ ಬೇರೆ ಹೆಸರಿಟ್ಟುಕೊಂಡು, ನಮ್ಮನ್ನು ದೋಚಿದ್ದು ಅತಿಯಾಯಿತು ಎಂದು ಪತ್ರಿಕೆಗೆ ಬರೆದರು.

ನನ್ನ ಪ್ರಶ್ನೆ ಇಷ್ಟೇ. ಆ ಕಾನೂನು ತಂದದ್ದು ಅವರೊಳಗಿನ ಡಾಕ್ಟರಾ, ತೋಟದ ಧಣಿಯಾ? ಯಾಕೆ ಕೇಳುತ್ತಿದ್ದೇನೆ ಅಂದರೆ, 1940ಕ್ಕೆ ಅವರು ಡಾಕ್ಟರಿಕೆ ಬಿಟ್ಟು ಊರ ಕಡೆಯ ಮುಖ್ಯಸ್ಥರಾಗಿದ್ದರು. ಆ ಸೀಮೆಯ ದೊಡ್ಡ ದೊಡ್ಡ ತೋಟಗಳಲ್ಲಿ ಅವರದೂ ಒಂದು.

ಸುಮ್ನೆಕೇಳ್ದೆ

ಧಣಿಯೇ. ಇದರಲ್ಲಿ ಯೋಚನೆ ಮಾಡುವುದೇನಿದೆ? ಬಿಟ್ಟಿ ಆಳುಗಳೆಲ್ಲ ಬಿಳಿಯರ ತೋಟಕ್ಕೆ ಹೋಗುತ್ತಿದ್ದರು, ಇವರ ತೋಟಕ್ಕೆ ಜನ ಸಿಗುತ್ತಿರಲಿಲ್ಲ. ಬಿಟ್ಟಿ ನಿಂತರೆ ಆಳು ಇವರಿಗೂ ಸಿಗುತ್ತದೆ. ಮುಗೀತು.

ಹಳೇಸ್ಟೆತ್

ಅಷ್ಟು ಬೇಗ ಮುಗಿಸಬೇಡಿ ಸ್ವಾಮಿ.

ತಲೆಬರಹದಲ್ಲಿ 'ಅರೆ ಡಾಕ್ಟರ್' ಎಂದು ನೋಡಿ ನಮ್ಮ ತಾತ ನೆನಪಾದರು. ತಾತ ಎಲ್‌ಎಂಪಿ. ಈಗಿನ ಹುಡುಗರಿಗೆ ಆ ಮೂರು ಅಕ್ಷರವೇ ಗೊತ್ತಿಲ್ಲ. ಬ್ರಿಟಿಷರ ಕಾಲದಲ್ಲಿ ಎಂಬಿಬಿಎಸ್‌ಗಿಂತ ಚಿಕ್ಕ ಓದು ಮುಗಿಸಿ ಹಳ್ಳಿ ಕಡೆ ದವಾಖಾನೆ ನಡೆಸುತ್ತಿದ್ದವರು ಅವರು. ಹೆರಿಗೆ, ಕಾಲರಾ, ಮಲೇರಿಯಾ, ಮುರಿದ ಮೂಳೆ, ಎಲ್ಲಕ್ಕೂ ಅವರೇ. ಆದರೆ ನಿನ್ನೆ ಮೊನ್ನೆ ಓದು ಮುಗಿಸಿ ಬಂದ ಹುಡುಗ ಅವರ ಮೇಲಧಿಕಾರಿ. ತಾತ ಸಾಯುವವರೆಗೂ ಒಂದು ಮಾತು ಹೇಳುತ್ತಿದ್ದರು: ರೋಗಿ ನನ್ನನ್ನು ಪೂರ್ತಿ ಡಾಕ್ಟರ್ ಅಂತಾನೆ, ಸರ್ಕಾರ ಅರ್ಧ ಅನ್ನುತ್ತೆ.

ಡಾಕರ್‌ನ ಶಾಲೆಯೂ ಹಾಗೆಯೇ. 1918ರಲ್ಲಿ ಫ್ರೆಂಚರು ಅದನ್ನು ತೆರೆದದ್ದು ಆಫ್ರಿಕನ್ನರನ್ನು ತಮ್ಮ ಸಮಕ್ಕೆ ತರಬೇಕು ಎಂದಲ್ಲ. ಪ್ಯಾರಿಸ್ಸಿನಿಂದ ಅಷ್ಟು ಡಾಕ್ಟರ್‌ಗಳನ್ನು ಕರೆಸಲು ಆಗುತ್ತಿರಲಿಲ್ಲ, ಅಷ್ಟೇ. ಅಲ್ಲಿ ಓದಿದವರು 'ಸಹಾಯಕ ವೈದ್ಯ'ರು. ಎಷ್ಟೇ ಜಾಣರಾದರೂ ಫ್ರೆಂಚ್ ಡಾಕ್ಟರ್ ಕೈಕೆಳಗೇ ಇರಬೇಕು. ತರಗತಿಗೆ ಮೊದಲಿಗ ಬಂದವನಿಗೂ ಅದೇ ಗತಿ.

ಈಗ ಇನ್ನೊಂದು ತುದಿ ನೋಡಿ. 1957ರ ನವೆಂಬರಿನಿಂದ ಕೆಲವು ತಿಂಗಳು ಇದೇ ಮನುಷ್ಯ ಫ್ರಾನ್ಸಿನ ಆರೋಗ್ಯ ಮಂತ್ರಿ. ಐವರಿ ಕೋಸ್ಟಿಗಲ್ಲ, ಫ್ರಾನ್ಸಿಗೆ! ನೀನು ನಮ್ಮ ಸಮ ಅಲ್ಲ ಎಂದ ದೇಶದ ಡಾಕ್ಟರ್‌ಗಳಿಗೆಲ್ಲ ಇವರೇ ಮೇಲಿನವರು. ಓದಿ ನಾನಂತೂ ಒಬ್ಬನೇ ಕೂತು ನಕ್ಕೆ. ತಾತ ಇದ್ದಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದರು.

ಪ್ರಶ್ನೆಗೆ ಬರುತ್ತೇನೆ. 15 ವರ್ಷ ಹಳ್ಳಿ ಡಾಕ್ಟರ್ ಆದವನಿಗೆ ಒಂದು ಮಾತು ಚೆನ್ನಾಗಿ ಗೊತ್ತಿರುತ್ತದೆ. ಗಂಡಸರನ್ನೆಲ್ಲ ರಸ್ತೆ ಕೆಲಸಕ್ಕೆ, ರೈಲು ಹಳಿ ಹಾಸಲು ಎಳೆದುಕೊಂಡು ಹೋದ ಊರಿನಲ್ಲಿ ಗದ್ದೆ ಪಾಳು ಬೀಳುತ್ತದೆ, ಮಕ್ಕಳು ಸೊರಗುತ್ತವೆ. ಅದಕ್ಕೆ ನಮ್ಮ ಬ್ಯಾಗಿನಲ್ಲಿ ಔಷಧಿ ಇರುವುದಿಲ್ಲ.

ಸುಮ್ನೆಕೇಳ್ದೆ

ಡಾಕ್ಟ್ರೇ, ತಾತನ ಮಾತು ಚೆನ್ನಾಗಿದೆ. ಆದರೆ ಅವರು ಡಾಕ್ಟರಿಕೆ ಬಿಟ್ಟು ಐದು ವರ್ಷ ಆದಮೇಲೆ ತಾನೇ ಪಾರ್ಲಿಮೆಂಟಿಗೆ ಹೋದದ್ದು? ಆ ಐದು ವರ್ಷ ತೋಟ ಮಾಡಿದರು. ನಾನು ಹೇಳಿದ್ದು ಅದನ್ನೇ.

ಇತಿಹಾಸದಹುಳ

ಇಬ್ಬರೂ ಅರ್ಧರ್ಧ ಸರಿ. ಸ್ವಲ್ಪ ಉದ್ದ ಬರೆಯುತ್ತೇನೆ, ಟೀ ಇಟ್ಟುಕೊಂಡು ಓದಿ.

ಮೊದಲು ಬಿಟ್ಟಿ ಎಂದರೆ ಏನು ಎನ್ನುವುದು. ಇದು ನಮ್ಮ ಹಳೆಯ ಮಾತು, ಶಾಸನಗಳಲ್ಲೂ ಬರುತ್ತದೆ. ಸರ್ಕಾರ ಕರೆದರೆ ಕೂಲಿ ಇಲ್ಲದೆ ದುಡಿಯಬೇಕು. ಜೀತ ಬೇರೆ, ಅದು ಸಾಲಕ್ಕೆ ಒಬ್ಬ ಧಣಿಯ ಮನೆಯಲ್ಲಿ ಸಿಕ್ಕಿಕೊಳ್ಳುವುದು. ಫ್ರೆಂಚ್ ಆಫ್ರಿಕಾದಲ್ಲಿ ಇದ್ದದ್ದು ಬಿಟ್ಟಿಯ ಹೊಸ ಅವತಾರ. ಪ್ರತಿ ಗಂಡಸೂ ವರ್ಷಕ್ಕೆ ಇಷ್ಟು ದಿನ ಎಂದು ರಸ್ತೆಗೆ ದುಡಿಯಬೇಕು. ಅದು ಸಾಲದು ಎಂದು ಅಬಿಜಾನಿನಿಂದ ಉತ್ತರಕ್ಕೆ ಹೋಗುವ ರೈಲು ದಾರಿಗೆ, ಮರ ಕಡಿಯುವ ಕಂಪನಿಗಳಿಗೆ, ಬಿಳಿಯರ ಕಾಫಿ ಕೊಕ್ಕೊ ತೋಟಗಳಿಗೆ ಊರಿನ ಮುಖ್ಯಸ್ಥ ಜನ ಒದಗಿಸಬೇಕು. ಇಷ್ಟು ತಲೆ ಎಂದು ಅಧಿಕಾರಿ ಲೆಕ್ಕ ಕೊಡುತ್ತಿದ್ದ. ಬರೀ ಬಿಟ್ಟಿ ಎಂದರೂ ಪೂರ್ತಿ ಸರಿಯಲ್ಲ, ತೋಟದಲ್ಲಿ ಅಷ್ಟಿಷ್ಟು ಕೂಲಿ ಇತ್ತು. ಆದರೆ ಬರುವುದಿಲ್ಲ ಎನ್ನುವ ಹಕ್ಕು ಇರಲಿಲ್ಲ.

ಹೆಚ್ಚು ಪೆಟ್ಟು ಬಿದ್ದದ್ದು ಉತ್ತರದ ಮೋಸ್ಸಿ ಜನಕ್ಕೆ, ಈಗಿನ ಬುರ್ಕಿನಾ ಫಾಸೊದವರಿಗೆ. ಆಗ ಅದರ ಹೆಸರು ಅಪ್ಪರ್ ವೋಲ್ಟಾ. 1932ರಲ್ಲಿ ಫ್ರೆಂಚರು ಆ ಇಡೀ ವಸಾಹತನ್ನೇ ರದ್ದು ಮಾಡಿ, ದೊಡ್ಡ ಪಾಲನ್ನು ಐವರಿ ಕೋಸ್ಟಿಗೆ ಸೇರಿಸಿದರು. ಆಳು ತರಲು ಮಧ್ಯೆ ಗಡಿಯ ತಕರಾರು ಇರಬಾರದಲ್ಲ, ಅದಕ್ಕೆ.

ಇನ್ನು ಆಫ್ರಿಕನ್ ತೋಟಗಾರರು. ಅವರಿಗೆ ಈ ಆಳುಗಳು ಸಿಗುತ್ತಿರಲಿಲ್ಲ. ಸಾಲದ್ದಕ್ಕೆ ಸ್ವಂತ ತೋಟ ಇದ್ದವನನ್ನೂ ಎಳೆದುಕೊಂಡು ಹೋಗಿ ಪಕ್ಕದ ಬಿಳಿಯನ ತೋಟದಲ್ಲಿ ದುಡಿಸುತ್ತಿದ್ದರು. ಇವನ ಹಣ್ಣು ಗಿಡದಲ್ಲೇ ಕೊಳೆಯಬೇಕು. ಕಾಫಿಕಣ ಅವರೇ, ಕೊಯ್ಲಿನ ವಾರ ನಿಮ್ಮನ್ನೇ ಬೇರೆಯವರ ತೋಟಕ್ಕೆ ಕೊಯ್ಯಲು ಅಟ್ಟಿದರೆ ಹೇಗಿರುತ್ತದೆ ನೋಡಿ.

1944ರ ಸೆಪ್ಟೆಂಬರಿನಲ್ಲಿ ಉಫ್ವೆ ಮತ್ತು ಗೆಳೆಯರು ಆಫ್ರಿಕನ್ ಬೆಳೆಗಾರರ ಸಂಘ ಕಟ್ಟಿದರು. ಆಗಿನ ಗವರ್ನರ್ ಆಂದ್ರೆ ಲಾತ್ರಿಯ್ ಒಳ್ಳೆಯವನಿದ್ದ, ಬೆಂಬಲ ಕೊಟ್ಟ. ಉತ್ತರದ ಕೊರೊಗೊ ಕಡೆಯ ಮುಖ್ಯಸ್ಥರ ಜೊತೆ ಮಾತಾಡಿ, ಒಪ್ಪಿ ಬರುವವರಿಗೆ ಹೆಚ್ಚಿನ ಕೂಲಿ ಕೊಟ್ಟು ಕರೆತಂದರು. ಜನ ಬಂದರು. ಹಿಡಿದು ತರದಿದ್ದರೆ ಆಫ್ರಿಕನ್ನರು ದುಡಿಯುವುದೇ ಇಲ್ಲ ಎಂದು ಬಿಳಿಯ ತೋಟಗಾರರು ಹೇಳುತ್ತಿದ್ದ ಹಳೇ ರಾಗಕ್ಕೆ ಅಲ್ಲೇ ಉತ್ತರ ಸಿಕ್ಕಿತು.

1945ರ ಕೊನೆಗೆ ಫ್ರಾನ್ಸಿನ ಸಂವಿಧಾನ ಸಭೆಗೆ ಚುನಾವಣೆ. ಫ್ರೆಂಚ್ ಪೌರರಿಗೆ ಒಂದು ಮತಪಟ್ಟಿ, ಪೌರತ್ವ ಇಲ್ಲದ 'ಪ್ರಜೆ'ಗಳಾದ ಆಫ್ರಿಕನ್ನರಿಗೆ ಇನ್ನೊಂದು. ಈ ಎರಡನೆಯದರಲ್ಲೂ ಓಟು ಎಲ್ಲರಿಗೂ ಇರಲಿಲ್ಲ, ಆಯ್ದ ಕೆಲವರಿಗೆ ಮಾತ್ರ. ಉಫ್ವೆ ಎರಡನೇ ಸುತ್ತಿನಲ್ಲಿ ಕಡಿಮೆ ಅಂತರದಲ್ಲಿ ಗೆದ್ದರು. ಹೆಸರಿನ ಬಾಲಕ್ಕೆ 'ಬ್ವಾನಿ' ಸೇರಿಸಿಕೊಂಡದ್ದು ಆಗ. ಬಾವುಲೆ ಭಾಷೆಯಲ್ಲಿ ಟಗರು ಎಂದರ್ಥ.

1946ರ ಮಾರ್ಚಿನಲ್ಲಿ ಟಗರು ಮಸೂದೆ ಮಂಡಿಸಿತು. ಏಪ್ರಿಲ್ 5ಕ್ಕೆ ಸಭೆ ಒಪ್ಪಿತು, 11ಕ್ಕೆ ಕಾನೂನಾಯಿತು. ಬೆರಳೆಣಿಕೆಯ ಸಾಲುಗಳು. ಸಾಗರದಾಚೆಯ ಪ್ರಾಂತ್ಯಗಳಲ್ಲಿ ಬಲವಂತದ ದುಡಿಮೆಗೆ ಪೂರ್ತಿ ನಿಷೇಧ ಎನ್ನುವುದು ಅದರ ಜೀವ. ಅದೂ ಐವರಿ ಕೋಸ್ಟಿಗೆ ಮಾತ್ರ ಅಲ್ಲ. ಸೆನೆಗಲ್ ಕಡೆಯಿಂದ ಕಾಂಗೊ ನದಿಯವರೆಗೆ, ಮಡಗಾಸ್ಕರ್‌ಗೂ ಸೇರಿಸಿ. ಮರುತಿಂಗಳು ಸೆನೆಗಲ್ಲಿನ ವಕೀಲ ಲಾಮಿನ್ ಗೇಯ್ ಹೆಸರಿನ ಕಾನೂನು ಬಂತು, 'ಪ್ರಜೆ'ಗಳೆಲ್ಲ ಪೌರರಾದರು. ಒಂದೇ ವಸಂತದಲ್ಲಿ ಎರಡು ಕಾನೂನು.

ಹಾಗಾಗಿ ಡಾಕ್ಟರಾ ಧಣಿಯಾ ಎನ್ನುವ ಪ್ರಶ್ನೆಯೇ ನನಗೆ ಅಷ್ಟು ಹಿಡಿಸಲಿಲ್ಲ. ಹಸಿದವರಿಗೂ ತನಗೂ ಒಂದೇ ಕಡೆ ನೋವಾಗುತ್ತಿತ್ತು, ಅದನ್ನು ಅವರು ಬಳಸಿಕೊಂಡರು. ಸ್ವಂತ ಲಾಭ ಒಂದಿಷ್ಟೂ ಇಲ್ಲದ ರಾಜಕಾರಣಿ ಎಲ್ಲಾದರೂ ಸಿಕ್ಕರೆ ನನಗೂ ತೋರಿಸಿ.

ಪುತ್ತೂರಿನಕೊಕ್ಕೊ

ಟೀ ಮುಗೀತು ಮೇಷ್ಟ್ರೇ, ಪೋಸ್ಟ್ ಮುಗೀಲಿಲ್ಲ 😀

ಇರಲಿ ಮಾರಾಯ್ರೇ, ಚೆಂದ ಉಂಟು. ನಮ್ಮ ಅಡಿಕೆ ತೋಟದ ಮಧ್ಯೆ ನಾಲ್ಕು ಕೊಕ್ಕೊ ಗಿಡ ಇಟ್ಟುಕೊಂಡು ನಾವೂ ಕೊಕ್ಕೊ ಬೆಳೆಗಾರರು ಅಂತ ಮೀಸೆ ತಿರುವುತ್ತೇವೆ. ಪ್ರಪಂಚದ ಕೊಕ್ಕೊದಲ್ಲಿ ಸುಮಾರು 40 ಪರ್ಸೆಂಟ್ ಐವರಿ ಕೋಸ್ಟಿನದ್ದು. ಅಲ್ಲಿ ಮಳೆ ಕೈಕೊಟ್ಟರೆ ಇಲ್ಲಿ ನಮಗೆ ರೇಟು. ಅಲ್ಲಿ ಬಂಪರ್ ಬೆಳೆ ಬಂದರೆ ನಮ್ಮ ಬೀಜ ಕೇಳುವವರಿಲ್ಲ. 1980ರ ಸುಮಾರಿಗೆ ಹೀಗೇ ಆಗಿ ನಮ್ಮ ಅಜ್ಜ ಗಿಡ ಕಡಿಯಲು ಕತ್ತಿ ಮಸೆದಿದ್ದರಂತೆ. ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಖರೀದಿಗೆ ಇಳಿದದ್ದರಿಂದ ಗಿಡ ಉಳಿಯಿತು. 1986ರಲ್ಲಿ ಪುತ್ತೂರಿನ ಚಾಕೊಲೇಟ್ ಫ್ಯಾಕ್ಟರಿಯೂ ಬಂತು.

ಒಂದು ಸಂದೇಹ. ಅಷ್ಟು ದೊಡ್ಡ ಕೊಕ್ಕೊ ಸಾಮ್ರಾಜ್ಯ ಕಟ್ಟಿದ ಮನುಷ್ಯ ರೈತರನ್ನು ಆಮೇಲೆ ಚೆನ್ನಾಗಿ ನೋಡಿಕೊಂಡರಾ?

ಕಾಫಿಕಣ

ಇದಕ್ಕೆ ನಾನೇ ಹೇಳುತ್ತೇನೆ, ನಿನ್ನೆ ರಾತ್ರಿ ಅದನ್ನೇ ಓದುತ್ತಿದ್ದೆ.

ಅವರ ಸರ್ಕಾರ ಕಾಫಿ ಕೊಕ್ಕೊಗೆ 'ಕೈಸ್ತಾಬ್' ಎಂಬ ಬೆಲೆ ಸ್ಥಿರೀಕರಣ ಸಂಸ್ಥೆ ನಡೆಸುತ್ತಿತ್ತು. ಹೊರಗಿನ ಬೆಲೆ ಏರಲಿ ಇಳಿಯಲಿ, ರೈತನಿಗೆ ಸರ್ಕಾರ ನಿಗದಿ ಮಾಡಿದ ರೇಟು. ಒಳ್ಳೆಯ ವರ್ಷ ಉಳಿದ ದುಡ್ಡನ್ನು ಕೆಟ್ಟ ವರ್ಷಕ್ಕೆ ಇಡಬೇಕು ಎನ್ನುವುದು ಲೆಕ್ಕ. ನಮ್ಮಲ್ಲೂ ಕಾಫಿ ಬೋರ್ಡಿಗೇ ಬೆಳೆ ಒಪ್ಪಿಸುವ ಪೂಲ್ ಇದ್ದ ಕಾಲ ನೆನಪಿರುವವರಿಗೆ ಇದು ಹೊಸದಲ್ಲ. ಕಾಫಿ ಕೊಟ್ಟು ಕಂತು ಕಂತಾಗಿ ದುಡ್ಡಿಗೆ ಕಾಯುವುದು. ನಮ್ಮದು 1990ರ ದಶಕದಲ್ಲಿ ನಿಂತಿತು, ಅವರದು 1999ರಲ್ಲಿ.

ರೈತರಿಗೆ ಒಂದು ಭದ್ರತೆ ಸಿಕ್ಕಿದ್ದು ನಿಜ. 1970ರ ದಶಕದ ಕೊನೆಗೆ ಘಾನಾವನ್ನು ಹಿಂದೆ ಹಾಕಿ ಕೊಕ್ಕೊದಲ್ಲಿ ಪ್ರಪಂಚಕ್ಕೇ ಮೊದಲಾದದ್ದೂ ನಿಜ. ಆದರೆ ಉಳಿದ ದುಡ್ಡು ಬಹಳಷ್ಟು ರಸ್ತೆ, ಕಟ್ಟಡ, ಹೊಸ ರಾಜಧಾನಿ ಎಂದು ಹರಿದುಹೋಯಿತು. 1980ರ ದಶಕದಲ್ಲಿ ಬೆಲೆ ಕುಸಿದಾಗ ಪೆಟ್ಟಿಗೆ ಖಾಲಿ. 1988ರಲ್ಲಿ ಮುದುಕ ಹಟ ಹಿಡಿದು, ಈ ರೇಟಿಗೆ ಕೊಕ್ಕೊ ಮಾರುವುದೇ ಇಲ್ಲ ಎಂದು ರಫ್ತು ನಿಲ್ಲಿಸಿದರು. ಪ್ರಪಂಚ ಜಗ್ಗಲಿಲ್ಲ, ಬೇರೆ ಕಡೆಯಿಂದ ಕೊಂಡಿತು. 1989ರಲ್ಲಿ ರೈತನಿಗೆ ಕೊಡುವ ರೇಟನ್ನು ಕಿಲೋಗೆ 400 ಫ್ರಾಂಕ್‌ನಿಂದ 200ಕ್ಕೆ ಇಳಿಸಬೇಕಾಯಿತು. ಒಂದೇ ವರ್ಷದಲ್ಲಿ ಅರ್ಧ.

1932ರಲ್ಲಿ ರೈತರ ದೋಚಾಟದ ಬಗ್ಗೆ ಬರೆದ ಕೈಯಿಂದಲೇ ಆ ಆದೇಶವೂ ಹೊರಟಿತು.

ನೈಟ್‌ಡ್ಯೂಟಿ

ಶಿಫ್ಟ್ ಮುಗಿಸಿ ಬಂದು ಎಲ್ಲ ಓದಿದೆ. ನಾನು ನರ್ಸ್, ಇತಿಹಾಸ ಗೊತ್ತಿಲ್ಲ. ಒಂದು ಗಮನಿಸಿದೆ, ಇಲ್ಲಿವರೆಗೆ ಒಬ್ಬ ಹೆಂಗಸಿನ ಸುದ್ದಿಯೂ ಬಂದಿಲ್ಲ. ಕಾನೂನು ಬಂದ ಮೇಲೆ ಬಿಳಿಯರು ಸುಮ್ನೆ ಬಿಟ್ಟರಾ? ಮನೆಯಲ್ಲಿದ್ದವರ ಗತಿ ಏನಾಯಿತು?

ಇತಿಹಾಸದಹುಳ

ಅಕ್ಕ, ಈ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು.

ಸುಮ್ನೆ ಬಿಡಲಿಲ್ಲ. 1946ರ ಅಕ್ಟೋಬರಿನಲ್ಲಿ ಈಗಿನ ಮಾಲಿಯ ಬಮಾಕೊದಲ್ಲಿ ಆಫ್ರಿಕದ ಹಲವು ವಸಾಹತುಗಳ ನಾಯಕರು ಸೇರಿ ಆರ್‌ಡಿಎ ಎಂಬ ಪಕ್ಷ ಕಟ್ಟಿದರು. ಉಫ್ವೆ ಅಧ್ಯಕ್ಷರು. ಪ್ಯಾರಿಸ್ಸಿನ ಪಾರ್ಲಿಮೆಂಟಿನಲ್ಲಿ ಒಂಟಿಯಾಗಿ ಏನೂ ನಡೆಯುವುದಿಲ್ಲ ಎಂದು ಕಮ್ಯುನಿಸ್ಟರ ಜೊತೆ ಕೈಜೋಡಿಸಿದರು. ತೋಟದ ಧಣಿ ಮತ್ತು ಕಮ್ಯುನಿಸ್ಟರು! ಇದು ಬರೀ ಓಟಿನ ಲೆಕ್ಕ. ಆದರೆ ಶೀತಲ ಸಮರ ಶುರುವಾದ ಮೇಲೆ ಆ ನೆಂಟಸ್ತನ ದುಬಾರಿಯಾಯಿತು. 1949ರ ಫೆಬ್ರವರಿಯಲ್ಲಿ ಪಕ್ಷದ ಮುಂದಾಳುಗಳನ್ನು ಹಿಡಿದು ಗ್ರಾನ್-ಬಸಾಮ್ ಜೈಲಿಗೆ ಹಾಕಿದರು. ವಿಚಾರಣೆಯೇ ಇಲ್ಲದೆ ತಿಂಗಳುಗಟ್ಟಲೆ ಕೂಡಿಹಾಕಿದಾಗ, ಡಿಸೆಂಬರಿನಲ್ಲಿ ಅವರು ಉಪವಾಸ ಕೂತರು.

ಆಗ ಹೆಂಗಸರು ಹೊರಟರು. ಮೊದಲು ಬಿಳಿಯರ ಅಂಗಡಿ ಸಾಮಾನು ಬಹಿಷ್ಕಾರ. ಆಮೇಲೆ ಅಬಿಜಾನಿನಿಂದ ಜೈಲಿನ ಊರಿಗೆ ನಡಿಗೆ, ಸುಮಾರು 40 ಕಿಲೋಮೀಟರ್. ಗಾಡಿಗಳನ್ನು ತಡೆದಿದ್ದರಿಂದ ಸಣ್ಣ ಸಣ್ಣ ಗುಂಪಾಗಿ ಕಾಲ್ನಡಿಗೆಯಲ್ಲೇ ಹೋದರು. ಡಿಸೆಂಬರ್ 24ಕ್ಕೆ ಜೈಲಿನ ಮುಂದೆ ಸೇರಿದಾಗ ಪೊಲೀಸರು ಬಡಿದು ಚದುರಿಸಿದರು. ಆನ್-ಮರಿ ರಾಗಿ, ಮರಿ ಕೊರೆ ಮುಂತಾದವರು ಮುಂದಾಳುಗಳು. ಗ್ರಾನ್-ಬಸಾಮ್‌ನಲ್ಲಿ ಈಗ ಆ ಹೆಂಗಸರ ಸ್ಮಾರಕ ಇದೆ.

ತಿಂಗಳು ಕಳೆಯುವಷ್ಟರಲ್ಲಿ, 1950ರ ಜನವರಿ 30ಕ್ಕೆ, ದಿಂಬೊಕ್ರೊದಲ್ಲಿ ಗುಂಡು ಹಾರಿಸಿ 13 ಜನರನ್ನು ಕೊಂದರು. ಉಫ್ವೆ ಅದೇ ಊರಿನಲ್ಲಿ ಹಿಂದೆ ಡಾಕ್ಟರ್ ಆಗಿದ್ದರು. ಅವರ ಮೇಲೂ ಬಂಧನದ ವಾರೆಂಟ್ ಹೊರಟಿತು. ಸಂಸದ ಎನ್ನುವ ಕಾರಣಕ್ಕೆ ಹಿಡಿಯಲಾಗಲಿಲ್ಲ.

ಹಳೇಸ್ಟೆತ್

ಆ ಕಾರಣ ಇನ್ನೊಬ್ಬರನ್ನು ಉಳಿಸಲಿಲ್ಲ. ವಿಕ್ತೋರ್ ಬಿಯಾಕಾ ಬೋಡ ಎಂದು. ಅವರೂ ಡಾಕರ್‌ನಲ್ಲೇ ಓದಿದ ಡಾಕ್ಟರ್, ಗಿನಿಯಲ್ಲಿ ಕೆಲಸ ಮಾಡಿದವರು, 1948ರಿಂದ ಫ್ರಾನ್ಸಿನ ಮೇಲ್ಮನೆಯ ಸದಸ್ಯ. 1950ರ ಜನವರಿ ಕೊನೆಗೆ ಬುವಾಫ್ಲೆ ಕಡೆ ಪ್ರಯಾಣದಲ್ಲಿದ್ದವರು ಮಾಯವಾದರು. ಆ ವರ್ಷದ ಕೊನೆಗೆ ಕಾಡಿನಲ್ಲಿ ಮೂಳೆಗಳು ಸಿಕ್ಕವು.

ಅದೇ ಶಾಲೆಯ ಮೂರನೆಯವರು ಜ್ಯಾನ್-ಬಾತೀಸ್ತ್ ಮೊಕೆ. ಫಾರ್ಮಸಿಸ್ಟ್. ಗ್ರಾನ್-ಬಸಾಮ್ ಜೈಲಿನಲ್ಲಿ ಇದ್ದವರಲ್ಲಿ ಅವರೂ ಒಬ್ಬರು.

ಡಾಕ್ಟರ್‌ಗಳೇ ಯಾಕೆ ಇಷ್ಟು ಜನ ಎಂದರೆ, ಆ ಕಾಲದಲ್ಲಿ ಅಲ್ಲಿನ ಹುಡುಗರಿಗೆ ಊರ ಹತ್ತಿರ ಸಿಗುತ್ತಿದ್ದ ಅತಿ ದೊಡ್ಡ ಓದೇ ಅದು. ಶಿಕ್ಷಕ, ಗುಮಾಸ್ತ, ಇಲ್ಲ ಸಹಾಯಕ ವೈದ್ಯ. ನಮ್ಮಲ್ಲಿ ವಕೀಲರು ಮಾಡಿದ್ದನ್ನು ಅಲ್ಲಿ ಸ್ಟೆತಸ್ಕೋಪಿನವರು ಮಾಡಬೇಕಾಯಿತು. ಎಲ್ಲಿಗೆ ಹಾಕಿದರೂ ಕೆಲಸ ಮಾಡಬೇಕು, ಹತ್ತು ಊರು ಸುತ್ತಬೇಕು, ಹತ್ತು ಭಾಷೆ ಕಿವಿಗೆ ಬೀಳಬೇಕು. ಶಿಕ್ಷೆ ಎಂದು ಮಾಡಿದ ಎತ್ತಂಗಡಿಗಳೇ ಉಫ್ವೆಗೆ ಮುಂದೆ ಮತಕ್ಷೇತ್ರವಾದವು.

ಸುಮ್ನೆಕೇಳ್ದೆ

ಫಾರ್ಮಸಿಸ್ಟ್ ಮೊಕೆ ಕಥೆ ಪೂರ್ತಿ ಹೇಳಿ ಡಾಕ್ಟ್ರೇ. ಅರ್ಧಕ್ಕೆ ನಿಲ್ಲಿಸಬೇಡಿ. ಅವರನ್ನು ಎರಡನೇ ಸಲ ಜೈಲಿಗೆ ಹಾಕಿದ್ದು ಯಾರು?

ಹಳೇಸ್ಟೆತ್

ಗೊತ್ತಿದ್ದೇ ಕೇಳುತ್ತಿದ್ದೀರಿ ಅಲ್ವಾ.

ಉಫ್ವೆ.

ಸುಮ್ನೆಕೇಳ್ದೆ

ಹಾಗಾದರೆ ನಾನೇ ಬರೆಯುತ್ತೇನೆ, ಇದು ಇಲ್ಲದೆ ಕಥೆ ಸಿಹಿ ಜಾಸ್ತಿಯಾಗುತ್ತದೆ.

1950ರಲ್ಲಿ ಉಫ್ವೆ ಕಮ್ಯುನಿಸ್ಟರ ಕೈಬಿಟ್ಟರು. ಆಗ ಸಾಗರದಾಚೆಯ ಪ್ರಾಂತ್ಯಗಳ ಮಂತ್ರಿಯಾಗಿದ್ದ ಮಿತ್ತರಾಂ ಜೊತೆ ಮಾತುಕತೆ ಮಾಡಿಕೊಂಡರು. ಅಲ್ಲಿಂದ ಏಣಿ ಮೇಲಕ್ಕೇ. 1953ರಲ್ಲಿ ಪ್ರಾಂತ್ಯದ ವಿಧಾನಸಭೆಯ ಅಧ್ಯಕ್ಷ. 1956ರಲ್ಲಿ ಅಬಿಜಾನ್ ಮೇಯರ್, ಜೊತೆಗೆ ಫ್ರಾನ್ಸಿನ ಮಂತ್ರಿ. 1957ರಲ್ಲಿ ಇಡೀ ಫ್ರೆಂಚ್ ಪಶ್ಚಿಮ ಆಫ್ರಿಕದ ಮಹಾ ಮಂಡಳಿಯ ಅಧ್ಯಕ್ಷ. ಅದೇ ವರ್ಷ ಆಗಷ್ಟೇ ಸ್ವತಂತ್ರವಾದ ಘಾನಾದ ಪ್ರಧಾನಿ ಎನ್‌ಕ್ರುಮಾ ಅಬಿಜಾನಿಗೆ ಬಂದಾಗ ಇಬ್ಬರೂ ಪಂದ್ಯ ಕಟ್ಟಿದರು, ಯಾರ ದಾರಿ ಸರಿ ಎಂದು. ಇವರದು ಫ್ರಾನ್ಸಿನ ಕೈಹಿಡಿದು ನಡೆಯುವ ದಾರಿ. ಹೀಗಿದ್ದೂ 1960ರ ಆಗಸ್ಟ್ 7ಕ್ಕೆ ಸ್ವಾತಂತ್ರ್ಯ ತೆಗೆದುಕೊಂಡರು.

ಆಮೇಲೆ? ಒಂದೇ ಪಕ್ಷ. ಅಧ್ಯಕ್ಷರ ಕಡೆಯಿಂದ ಒಂದೇ ಪಟ್ಟಿ, ಜನ ಒತ್ತುವುದು ಅದಕ್ಕೇ. ಪ್ಯಾರಿಸ್ಸಿನಲ್ಲಿ ಎದ್ದು ನಿಂತು ಮಾತಾಡಿ ಕಾನೂನು ತಂದವರು ತಮ್ಮ ಊರಿನ ಪಾರ್ಲಿಮೆಂಟಿನಲ್ಲಿ ಎದುರು ಮಾತಾಡಲು ಯಾರಿಗೂ ಕುರ್ಚಿಯೇ ಇಡಲಿಲ್ಲ. 1963ರಲ್ಲಿ 'ಸಂಚು' ಎಂದು ಹೇಳಿ ಹಳೇ ಗೆಳೆಯರನ್ನೇ ಯಾಮುಸುಕ್ರೊದ ಜೈಲಿಗೆ ತುಂಬಿದರು. ಮೊಕೆ ಅಲ್ಲಿಗೆ ಹೋದರು. ದೇಶದ ಸುಪ್ರೀಂ ಕೋರ್ಟಿನ ಮೊದಲ ಅಧ್ಯಕ್ಷರಾಗಿದ್ದ ಅರ್ನೆಸ್ಟ್ ಬೋಕ 1964ರಲ್ಲಿ ಆ ಬಂಧನದಲ್ಲೇ ಸತ್ತರು. 1971ರಲ್ಲಿ ಉಫ್ವೆಯೇ, ಸಂಚು ನಿಜವಲ್ಲ ಎಂದು ಒಪ್ಪಿಕೊಂಡು ಉಳಿದವರಿಗೆ ಮರ್ಯಾದೆ ವಾಪಸ್ ಕೊಟ್ಟರು. ಮೊಕೆ ಮತ್ತೆ ಮಂತ್ರಿಯಾದರು.

ವಿರೋಧ ಪಕ್ಷಗಳಿಗೆ ಜಾಗ ಸಿಕ್ಕಿದ್ದು 1990ರಲ್ಲಿ, ಅದೂ ಬೀದಿ ಗಲಾಟೆಯ ನಂತರ. 1993ರ ಡಿಸೆಂಬರ್ 7ಕ್ಕೆ ತೀರಿಕೊಂಡರು, ಕುರ್ಚಿಯ ಮೇಲೆಯೇ.

ಕಾಫಿಕಣ

ಮಲಾವಿಯ ಹೇಸ್ಟಿಂಗ್ಸ್ ಬಾಂಡಾ ನೆನಪಾದರು. ಅವರೂ ಡಾಕ್ಟರ್, ಅಮೆರಿಕ ಸ್ಕಾಟ್ಲೆಂಡಿನಲ್ಲಿ ಓದಿದವರು. 1971ರಲ್ಲಿ ಆಜೀವ ಅಧ್ಯಕ್ಷ ಎಂದು ಹೆಸರಿಟ್ಟುಕೊಂಡರು.

ರೋಗಿ ಎದುರು ಮಾತಾಡುವುದಿಲ್ಲ ಎನ್ನುವ ಅಭ್ಯಾಸ ಡಾಕ್ಟರ್‌ಗಳಿಗೆ ಅಂಟಿಕೊಳ್ಳುತ್ತದಾ? ಡಾಕ್ಟ್ರೇ, ತಮಾಷೆಗೆ.

ಹಳೇಸ್ಟೆತ್

ತಮಾಷೆಯಲ್ಲ, ಇದರಲ್ಲಿ ಸತ್ಯ ಇದೆ. ನನ್ನ ಹೆಂಡತಿಯನ್ನು ಕೇಳಿ.

ಆದರೂ ಎಲ್ಲವನ್ನೂ ವೃತ್ತಿಯ ತಲೆಗೆ ಕಟ್ಟಬೇಡಿ. ಸೈನಿಕರು, ಮೇಷ್ಟ್ರುಗಳು, ವಕೀಲರೂ ಆ ದಶಕಗಳಲ್ಲಿ ಅದೇ ಮಾಡಿದರು.

ಗೇರುಬೀಜ

ನಾನು ತಡವಾಗಿ ಬಂದೆ, ಆದರೆ ಇಲ್ಲಿ ಆ ದೇಶ ಕಂಡವನು ನಾನೊಬ್ಬನೇ ಅನಿಸುತ್ತದೆ. ಮಂಗಳೂರಿನ ಒಂದು ಗೇರುಬೀಜದ ಫ್ಯಾಕ್ಟರಿಗೆ ಕಚ್ಚಾ ಬೀಜ ಖರೀದಿ ಮಾಡಿಸುವ ಕೆಲಸ ನನ್ನದು. ಈಗ ಪ್ರಪಂಚದಲ್ಲೇ ಅತಿ ಹೆಚ್ಚು ಗೇರುಬೀಜ ಬೆಳೆಯುವುದು ಐವರಿ ಕೋಸ್ಟಿನಲ್ಲಿ. ನಮ್ಮ ಕರಾವಳಿಯ ಹೆಂಗಸರು ಸಿಪ್ಪೆ ತೆಗೆಯುವ ಬೀಜದಲ್ಲಿ ಎಷ್ಟೋ ಅಲ್ಲಿಂದ ಹಡಗಿನಲ್ಲಿ ಬಂದದ್ದು. ಸೀಸನ್ನಿಗೆ ಬುವಾಕೆ, ಬೊಂಡೂಕು ಕಡೆ ತಿಂಗಳುಗಟ್ಟಲೆ ಇರುತ್ತೇನೆ.

ಅಬಿಜಾನಿನಿಂದ ಬುವಾಕೆಗೆ ಹೋಗುವ ದಾರಿಯಲ್ಲೇ ಯಾಮುಸುಕ್ರೊ ಸಿಗುತ್ತದೆ. 1983ರಲ್ಲಿ ತಮ್ಮ ಹುಟ್ಟೂರನ್ನೇ ರಾಜಧಾನಿ ಮಾಡಿದರಲ್ಲ, ಅದು. ನಾಲ್ಕು ಬಸ್ಸು ಅಕ್ಕಪಕ್ಕ ಹೋಗುವಷ್ಟು ಅಗಲದ ರಸ್ತೆಗಳು, ಗಾಡಿಗಳು ಮಾತ್ರ ಕಮ್ಮಿ. ಅಧ್ಯಕ್ಷರ ಅರಮನೆಯ ಕೆರೆಯಲ್ಲಿ ಮೊಸಳೆಗಳಿವೆ. ಮತ್ತೆ ಅವರು ಕಟ್ಟಿಸಿದ ಆ ಬೆಸಿಲಿಕಾ, ಭಾರೀ ಚರ್ಚು. ರೋಮಿನ ಸೇಂಟ್ ಪೀಟರ್ಸ್ ಮಾದರಿಯಲ್ಲಿ, ಬಯಲ ಮಧ್ಯೆ. ದೂರದಿಂದ ಬರುವಾಗ ಗುಮ್ಮಟ ಮೊದಲು ಕಾಣುತ್ತದೆ, ಊರು ಆಮೇಲೆ. ರೈತನ ರೇಟು ಅರ್ಧಕ್ಕೆ ಇಳಿದ ಹೊತ್ತಿನಲ್ಲೇ ಅದು ಎದ್ದು ನಿಂತದ್ದು. ಅವರು ಹೇಳುತ್ತಿದ್ದದ್ದು, ನನ್ನ ಸ್ವಂತ ದುಡ್ಡು ಎಂದು.

ಪೋಪ್ ಎರಡನೇ ಜಾನ್ ಪಾಲ್ 1990ರ ಸೆಪ್ಟೆಂಬರಿನಲ್ಲಿ ಬಂದು ಪ್ರತಿಷ್ಠೆ ಮಾಡಿದರು. ಆದರೆ ಒಂದು ಷರತ್ತು ಹಾಕಿದ್ದರು: ಪಕ್ಕದಲ್ಲಿ ಒಂದು ಆಸ್ಪತ್ರೆ ಕಟ್ಟಬೇಕು. ಡಾಕ್ಟರ್ ಆಗಿದ್ದ ಮನುಷ್ಯನಿಗೆ ಆಸ್ಪತ್ರೆ ಕಟ್ಟು ಎಂದು ಪೋಪ್ ಬಂದು ಹೇಳಬೇಕಾಯಿತು ನೋಡಿ. ಅಡಿಗಲ್ಲು ಆಗಲೇ ಬಿತ್ತು. ಬಾಗಿಲು ತೆರೆದದ್ದು ಸುಮಾರು 25 ವರ್ಷದ ಮೇಲೆ.

ಇನ್ನೊಂದು ಮಾತೂ ಹೇಳಬೇಕು. ಅಲ್ಲಿನ ಮುದುಕರ ಹತ್ತಿರ ಅವರ ಬಗ್ಗೆ ಕೆಟ್ಟದು ಮಾತಾಡಿದರೆ ನಿಮಗೆ ಬೀಜ ಕೊಡುವುದಿಲ್ಲ. 2002ರ ಅಂತರ್ಯುದ್ಧ ಕಂಡವರು ಅವರು. ಬುವಾಕೆಯೇ ಬಂಡಾಯಗಾರರ ಕೈಯಲ್ಲಿತ್ತು. ಮುದುಕ ಇದ್ದಾಗ ಗುಂಡು ಹಾರಲಿಲ್ಲ ಎನ್ನುತ್ತಾರೆ.

ಸುಮ್ನೆಕೇಳ್ದೆ

33 ವರ್ಷ ಯಾರನ್ನೂ ಬೆಳೆಯಲು ಬಿಡದೆ ಹೋದರೆ ಆಮೇಲೆ ಗುಂಡೇ ಹಾರುವುದು. ಆದರೆ ಅಲ್ಲಿ ಬದುಕಿದವರ ಮುಂದೆ ನಾನು ಇಲ್ಲಿ ಕೂತು ಜಾಸ್ತಿ ಮಾತಾಡುವುದಿಲ್ಲ.

ಪುತ್ತೂರಿನಕೊಕ್ಕೊ

ಗೇರುಬೀಜದವರೇ, ಅಲ್ಲಿ ತೋಟದಲ್ಲಿ ಈಗ ಕೆಲಸಕ್ಕೆ ಬರುವವರು ಯಾರು? ನಮ್ಮಲ್ಲಂತೂ ಅಡಿಕೆ ಕೊಯ್ಯಲು ಜನವೇ ಇಲ್ಲ.

ಗೇರುಬೀಜ

ಕೊಕ್ಕೊ ಕಡೆ ಬಹಳಷ್ಟು ಬುರ್ಕಿನಾದವರೇ. ಮೋಸ್ಸಿ ಜನ. ಹಿಂದೆ ಹಿಡಿದು ತರುತ್ತಿದ್ದರು, 1946ರ ಮೇಲೆ ತಾವಾಗಿ ಬಸ್ಸು, ರೈಲು ಹತ್ತಿ ಬಂದರು. ಎಷ್ಟೋ ಮಂದಿ ಅಲ್ಲೇ ಭೂಮಿ ಮಾಡಿಕೊಂಡರು. ಉಫ್ವೆ ಕಾಲದಲ್ಲಿ ಉತ್ತವನಿಗೆ ಭೂಮಿ ಎನ್ನುವ ಧೋರಣೆ ಇತ್ತು. ಆಮೇಲಿನ ಜಗಳದಲ್ಲಿ ಆ ಭೂಮಿಯ ಪಾಲೂ ದೊಡ್ಡದು. ಮಕ್ಕಳನ್ನು ದುಡಿಸುವ ಸಮಸ್ಯೆಯೂ ಇದೆ, ಚಾಕೊಲೇಟ್ ಕಂಪನಿಗಳ ಮೇಲೆ ಆ ವಿಷಯಕ್ಕೆ ಇಂದಿಗೂ ಒತ್ತಡ ಇದೆ. ಕಾನೂನು ಒಂದು ದಿನದಲ್ಲಿ ಬಂತು, ಕೊಕ್ಕೊ ಕೆಲಸ ಹಾಗೇ ಇದೆ. ಕತ್ತಿಯಲ್ಲಿ ಕಾಯಿ ಒಡೆಯಬೇಕು, ಬೀಜ ಬಗೆಯಬೇಕು, ಬೆನ್ನ ಮೇಲೆ ಹೊರಬೇಕು.

ನೈಟ್‌ಡ್ಯೂಟಿ

ನನಗೆ ಆ ಬಿಯಾಕಾ ಬೋಡ ತಲೆಯಿಂದ ಹೋಗುತ್ತಿಲ್ಲ. ಡಾಕ್ಟರ್, ಮೇಲ್ಮನೆ ಸದಸ್ಯ, ಕಾಡಿನಲ್ಲಿ ಮೂಳೆ. ಉಫ್ವೆ ಹೆಸರಿನಲ್ಲಿ ಅಬಿಜಾನಿನಲ್ಲಿ ವಿಮಾನ ನಿಲ್ದಾಣ ಇದೆ, ಯೂನಿವರ್ಸಿಟಿ ಇದೆ ಎಂದು ಈಗ ನೋಡಿದೆ. ಇವರಿಗೆ ಏನಾದರೂ ಇದೆಯಾ?

ಗೇರುಬೀಜ

ಇದೆ ಅಕ್ಕ. ಗಾನ್ಯೊವಾ ಅವರ ಸೀಮೆ. ಅಲ್ಲಿನ ಫುಟ್‌ಬಾಲ್ ಮೈದಾನಕ್ಕೆ ಅವರ ಹೆಸರು. ನನ್ನ ಡ್ರೈವರ್ ಆ ಊರಿನ ತಂಡದ ಹುಚ್ಚು ಅಭಿಮಾನಿ, ಮ್ಯಾಚ್ ಇದ್ದ ದಿನ ಗಾಡಿ ಓಡಿಸುವುದೇ ಇಲ್ಲ. ಮುಂದಿನ ಸೀಸನ್ನಿಗೆ ಹೋದಾಗ ಅವನ ಜೊತೆ ಮೈದಾನಕ್ಕೆ ಹೋಗಿ ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ.